ಅರಾಮಿಕ್: ಮನೆಮಾತು ದೇವರಮಾತಾದ ಬಗೆ

ಕ್ರಿ.ಪೂ. 701ರಲ್ಲಿ ಅಸ್ಸೀರಿಯಾದ ಅರಸು ಸನ್ಹೇರೀಬನು ಯೆಹೂದ ನಾಡಿನ ಮೇಲೆ ದಂಡೆತ್ತಿ ಬಂದನು. ಅವನ ಅಧಿಕಾರಿಯೊಬ್ಬನು ಯೆರೂಸಲೇಮಿನ ಕೋಟೆಯ ಹೊರಗೆ ನಿಂತು, ಒಳಗಿನ ಜನರಿಗೆ ಅರ್ಥವಾಗುವ ನುಡಿಯಲ್ಲಿಯೇ ಶರಣಾಗತಿಯ ಕರೆಯನ್ನು ಕೂಗಿ ಹೇಳತೊಡಗಿದನು. ಅರಸ ಹಿಜ್ಕೀಯನ ಮಂತ್ರಿಗಳಿಗೆ ಗಾಬರಿಯಾಯಿತು. ಗೋಡೆಯ ಮೇಲಿರುವ ಜನರು ಕೇಳಿಸಿಕೊಳ್ಳುತ್ತಿರುವುದರಿಂದ ಅರಾಮಿಕ್ ಭಾಷೆಯಲ್ಲಿ ಮಾತನಾಡಬೇಕೆಂದೂ ಅದು ತಮಗೆ ತಿಳಿಯುತ್ತದೆಂದೂ ಅವರು ವಿನಂತಿಸಿಕೊಂಡರು. ಹೀಬ್ರೂ ಬೈಬಲಿನ ಅರಸುಗಳ ಗ್ರಂಥದಲ್ಲಿ ಬರುವ ಈ ಪ್ರಸಂಗವು ಒಂದು ಭಾಷೆಯ ಚರಿತ್ರೆಗೆ ಅಮೂಲ್ಯವಾದ ಸಾಕ್ಷ್ಯ. ಆ ಕಾಲಕ್ಕೆ ಯೆರೂಸಲೇಮಿನಲ್ಲಿ ಅರಾಮಿಕ್ ಮಂತ್ರಿಗಳಿಗೆ ತಿಳಿದ, ಜನಸಾಮಾನ್ಯರಿಗೆ ತಿಳಿಯದ ಭಾಷೆ. ಏಳು ಶತಮಾನಗಳ ತರುವಾಯ ಅದೇ ನಾಡಿನ ಬೆಸ್ತರೂ ಬಡಗಿಗಳೂ ಮನೆಯಲ್ಲಿ ಆಡುತ್ತಿದ್ದ ಮಾತು ಅರಾಮಿಕ್. ಇನ್ನೊಂದು ಸಾವಿರ ವರ್ಷ ಕಳೆಯುವಷ್ಟರಲ್ಲಿ ಅದು ಅಲ್ಲಿ ಪ್ರಾರ್ಥನೆಯ, ಪಂಡಿತರ ಭಾಷೆಯಾಗಿ ಉಳಿಯಿತು. ರಾಜಕಾರ್ಯದ ನುಡಿ, ಮನೆಯ ನುಡಿ, ದೇವರ ನುಡಿ ಎಂಬ ಮೂರು ಅವಸ್ಥೆಗಳನ್ನೂ ಅದು ಹಾದುಬಂದಿದೆ. ಈ ಮೂರರಲ್ಲಿ ಯಾವುದು ಅದನ್ನು ಜೀವಂತವಾಗಿರಿಸಿತು ಎಂಬ ಪ್ರಶ್ನೆಗೆ ಉತ್ತರವು ಅದರ ಮೂರು ಸಾವಿರ ವರ್ಷಗಳ ಚರಿತ್ರೆಯಲ್ಲಿಯೇ ಇದೆ.

ಅರಾಮಿಯರು ಸಾಮ್ರಾಜ್ಯ ಕಟ್ಟಿದವರಲ್ಲ. ಕ್ರಿ.ಪೂ. 1100ರ ಸುಮಾರಿನಲ್ಲಿ ಆಳಿದ ಅಸ್ಸೀರಿಯಾದ ಒಂದನೆಯ ತಿಗ್ಲತ್‌ಪಿಲೆಸರನು ಈ ಜನರನ್ನು ಬೆನ್ನಟ್ಟಿ ಯೂಫ್ರೆಟಿಸ್ ನದಿಯನ್ನು ಇಪ್ಪತ್ತೆಂಟು ಬಾರಿ ದಾಟಿದುದಾಗಿ ತನ್ನ ಶಾಸನದಲ್ಲಿ ಹೇಳಿಕೊಂಡಿದ್ದಾನೆ. ಅಷ್ಟು ಬಾರಿ ದಾಟಬೇಕಾಯಿತೆಂಬುದೇ ಅವರು ಸುಲಭವಾಗಿ ಮಣಿಯಲಿಲ್ಲವೆಂಬುದಕ್ಕೆ ಪುರಾವೆ. ಮುಂದೆ ಅವರು ಸಿರಿಯಾದ ಉದ್ದಕ್ಕೂ ಸಣ್ಣ ಸಣ್ಣ ರಾಜ್ಯಗಳನ್ನು ಸ್ಥಾಪಿಸಿದರು. ಅವುಗಳಲ್ಲಿ ಪ್ರಬಲವಾಗಿದ್ದ ದಮಸ್ಕವು ಕ್ರಿ.ಪೂ. 732ರಲ್ಲಿ ಅಸ್ಸೀರಿಯಾದ ವಶವಾಯಿತು. ರಾಜ್ಯ ಅಳಿದ ಮೇಲೆ ಭಾಷೆಯೂ ಅಳಿಯಬೇಕಿತ್ತು. ಆದುದು ಇದಕ್ಕೆ ವಿರುದ್ಧ. ಗೆದ್ದ ನಾಡಿನ ಜನರನ್ನು ಕಿತ್ತು ದೂರದ ಪ್ರಾಂತ್ಯಗಳಲ್ಲಿ ನೆಲೆಗೊಳಿಸುವುದು ಅಸ್ಸೀರಿಯಾದ ನೀತಿಯಾಗಿತ್ತು. ಹೀಗೆ ಚೆದರಿದ ಅರಾಮಿಯರು ಹೋದಲ್ಲೆಲ್ಲ ತಮ್ಮ ನುಡಿಯನ್ನು ಕೊಂಡೊಯ್ದರು. ಸೋತವರ ಭಾಷೆ ಗೆದ್ದವರ ರಾಜಧಾನಿಯನ್ನೂ ಹೊಕ್ಕಿತು.

ಅದರ ಹರಹಿಗೆ ಇನ್ನೊಂದು ಕಾರಣ ಲಿಪಿ. ಅಕ್ಕಾಡಿಯನ್ ಭಾಷೆಯನ್ನು ಬರೆಯಲು ನೂರಾರು ಬೆಣೆಯಾಕಾರದ ಸಂಕೇತಗಳನ್ನು ಕಲಿಯಬೇಕಿತ್ತು. ಅವುಗಳನ್ನು ಹಸಿಮಣ್ಣಿನ ಹಲಗೆಯ ಮೇಲೆ ಒತ್ತಬೇಕಿತ್ತು. ಫಿನೀಶಿಯರಿಂದ ಅರಾಮಿಯರು ಪಡೆದ ವರ್ಣಮಾಲೆಯಲ್ಲಿ ಇದ್ದುದು ಇಪ್ಪತ್ತೆರಡೇ ಅಕ್ಷರಗಳು; ಬರೆಯಲು ತೊಗಲು ಅಥವಾ ಪಪೈರಸ್, ಒಂದಿಷ್ಟು ಮಸಿ ಸಾಕು. ಅಸ್ಸೀರಿಯಾದ ಅರಮನೆಗಳ ಉಬ್ಬುಶಿಲ್ಪಗಳಲ್ಲಿ ಕೊಳ್ಳೆಯ ಲೆಕ್ಕ ಬರೆಯುತ್ತಿರುವ ಇಬ್ಬರು ಲಿಪಿಕಾರರು ಜೊತೆಯಾಗಿ ನಿಂತಿರುತ್ತಾರೆ. ಒಬ್ಬನ ಕೈಯಲ್ಲಿ ಹಲಗೆ ಮತ್ತು ಕಡ್ಡಿ, ಇನ್ನೊಬ್ಬನ ಕೈಯಲ್ಲಿ ತೊಗಲಿನ ಸುರುಳಿ ಮತ್ತು ಲೇಖನಿ. ಮೊದಲನೆಯವನು ಅಕ್ಕಾಡಿಯನ್, ಎರಡನೆಯವನು ಅರಾಮಿಕ್ ಬರೆಯುತ್ತಿದ್ದಾನೆಂದು ವಿದ್ವಾಂಸರು ಸಾಮಾನ್ಯವಾಗಿ ಗುರುತಿಸುತ್ತಾರೆ. ಕಾಲಕ್ರಮದಲ್ಲಿ ಎರಡನೆಯವನೇ ಉಳಿದನು.

ಅಸ್ಸೀರಿಯಾ ಮತ್ತು ಬ್ಯಾಬಿಲೋನ್‌ಗಳ ತರುವಾಯ ಬಂದ ಪಾರಸಿಕ ಅಖಮೇನಿ ಅರಸರು ಈ ಸಿದ್ಧಭಾಷೆಯನ್ನೇ ಆಡಳಿತಕ್ಕೆ ಎತ್ತಿಕೊಂಡರು. ಈಜಿಪ್ಟಿನ ಆಸ್ವಾನ್ ಬಳಿ, ನೈಲ್ ನದಿಯ ನಡುವೆ ಇರುವ ಎಲಿಫೆಂಟೈನ್ ದ್ವೀಪದಲ್ಲಿ ದೊರೆತ ಪಪೈರಸ್ ಪತ್ರಗಳು ಇದಕ್ಕೆ ಸಾಕ್ಷಿ. ಅಲ್ಲಿನ ಯೆಹೂದಿ ಕಾವಲುಪಡೆಯ ದೇಗುಲವನ್ನು ಕ್ರಿ.ಪೂ. 410ರಲ್ಲಿ ಕೆಡವಲಾಯಿತು. ಅದನ್ನು ಮತ್ತೆ ಕಟ್ಟಲು ನೆರವು ಕೋರಿ ಅವರು ಕ್ರಿ.ಪೂ. 407ರಲ್ಲಿ ಯೆಹೂದ ಪ್ರಾಂತ್ಯದ ಅಧಿಪತಿಗೆ ಮನವಿ ಬರೆದರು. ಬರೆದವರು ಯೆಹೂದ್ಯರು, ನೆಲ ಈಜಿಪ್ಟ್, ಆಳುತ್ತಿದ್ದವರು ಪಾರಸಿಕರು. ಪತ್ರದ ಭಾಷೆ ಮಾತ್ರ ಇವರಾರ ಕುಲಭಾಷೆಯೂ ಅಲ್ಲದ ಅರಾಮಿಕ್.

ಇದೇ ಪಾರಸಿಕ ಆಡಳಿತದ ಮೂಲಕ ಅರಾಮಿಕ್ ಭಾರತದ ವಾಯವ್ಯ ಗಡಿಯನ್ನು ತಲುಪಿತು. ಅಖಮೇನಿ ಸಾಮ್ರಾಜ್ಯ ಬಿದ್ದು ಹೋದ ಮೇಲೆಯೂ ಅಲ್ಲಿ ಅದರ ಬಳಕೆ ನಿಲ್ಲಲಿಲ್ಲ. ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಅಶೋಕನು ತನ್ನ ಧರ್ಮಸಂದೇಶವನ್ನು ಆ ಭಾಗದ ಜನರಿಗೆ ತಿಳಿಸಬಯಸಿದಾಗ ಅರಾಮಿಕ್‌ನಲ್ಲಿಯೂ ಬರೆಯಿಸಿದನು. ತಕ್ಷಶಿಲೆಯಲ್ಲಿಯೂ ಅಫಘಾನಿಸ್ತಾನದ ಲಘ್‌ಮಾನ್ ಪ್ರದೇಶದಲ್ಲಿಯೂ ಅಂಥ ಶಾಸನಗಳು ದೊರೆತಿವೆ. 1958ರಲ್ಲಿ ಕಂದಹಾರದ ಬಳಿ ಪತ್ತೆಯಾದ ಬಂಡೆಶಾಸನದಲ್ಲಿ ಮೇಲೆ ಗ್ರೀಕ್ ಪಾಠವಿದೆ, ಕೆಳಗೆ ಅರಾಮಿಕ್ ಪಾಠವಿದೆ. 'ಧಮ್ಮ' ಎಂಬುದಕ್ಕೆ ಗ್ರೀಕ್ ಪಾಠವು ದೈವಭಕ್ತಿಯ ಅರ್ಥದ ಪದವನ್ನು ಆಯ್ದುಕೊಂಡರೆ, ಅರಾಮಿಕ್ ಪಾಠವು ಸತ್ಯ ಎಂಬರ್ಥದ ಪದವನ್ನು ಬಳಸಿದೆ. ಭಾಷಾಂತರಕಾರನ ಈ ಆಯ್ಕೆಯೇ ಒಂದು ಭಾಷ್ಯದಂತಿದೆ.

ಅರಾಮಿಕ್‌ನ ನೆರಳು ಕರ್ನಾಟಕದ ನೆಲಕ್ಕೂ ಬಿದ್ದಿದೆ. ವಾಯವ್ಯ ಭಾರತದ ಖರೋಷ್ಠಿ ಲಿಪಿಯು ಅರಾಮಿಕ್ ಲಿಪಿಯಿಂದ ರೂಪುಗೊಂಡದ್ದು. ಅದರಂತೆಯೇ ಬಲದಿಂದ ಎಡಕ್ಕೆ ಸಾಗುವಂಥದು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿರುವ ಅಶೋಕನ ಬ್ರಾಹ್ಮೀ ಶಾಸನದ ಕೊನೆಯಲ್ಲಿ ಅದನ್ನು ಬರೆದ ಚಪಡನೆಂಬವನ ಹೆಸರಿದೆ. ಅವನು ತನ್ನ ವೃತ್ತಿಯನ್ನು ಸೂಚಿಸುವ 'ಲಿಪಿಕರೇಣ' ಎಂಬ ಒಂದು ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಯೂಫ್ರೆಟಿಸ್ ತೀರದಿಂದ ಹೊರಟ ಅಕ್ಷರಗಳ ಒಂದು ಕವಲು ಹೀಗೆ ಕನ್ನಡನಾಡಿನ ಬಂಡೆಯ ಮೇಲೆ ಬಂದು ಕುಳಿತಿದೆ.

ಆ ಅಕ್ಷರಗಳ ಉಳಿದ ಕವಲುಗಳೂ ಸಣ್ಣವಲ್ಲ. ಇಂದಿನ ಹೀಬ್ರೂ ಚೌಕಾಕ್ಷರಗಳು ಅರಾಮಿಕ್ ಮೂಲದವು. ಅದರ ನಬಾತಿಯನ್ ರೂಪದಿಂದ ಅರಬ್ಬಿ ಲಿಪಿ ಬಂದಿತು. ಸಿರಿಯಾಕ್ ರೂಪವು ಸೊಗ್ದಿಯನ್, ಉಯ್ಘುರ್ ಲಿಪಿಗಳ ಮೂಲಕ ಮಂಗೋಲರನ್ನು ಮುಟ್ಟಿತು. ಜರತುಷ್ಟ್ರ ಮತದ ಗ್ರಂಥಗಳನ್ನುಳ್ಳ ಪಹ್ಲವಿಯಲ್ಲಿ ಬರೆಯುವಾಗ 'ಮಲ್ಕಾ' ಎಂಬ ಅರಾಮಿಕ್ ಪದವನ್ನು ಬರೆದು ಓದುವಾಗ 'ಶಾಹ್' ಎಂದು ಪಾರಸಿಕದಲ್ಲಿ ಓದುವ ವಿಚಿತ್ರ ಪದ್ಧತಿ ಶತಮಾನಗಳ ಕಾಲ ನಡೆಯಿತು.

ಆಡಳಿತದ ಈ ಭಾಷೆ ಧರ್ಮದ ಭಾಷೆಯಾದುದು ಹೇಗೆ? ಕ್ರಿ.ಪೂ. ಆರನೆಯ ಶತಮಾನದಲ್ಲಿ ಬ್ಯಾಬಿಲೋನಿಗೆ ಸೆರೆಹೋದ ಯೆಹೂದ್ಯರು ಅರಾಮಿಕ್ ಪರಿಸರದಲ್ಲಿ ಬಾಳಿದರು. ಮುಂದಿನ ತಲೆಮಾರುಗಳಿಗೆ ಹೀಬ್ರೂಗಿಂತ ಅದೇ ಹತ್ತಿರವಾಯಿತು. ದಾನಿಯೇಲ ಮತ್ತು ಎಜ್ರ ಗ್ರಂಥಗಳ ದೀರ್ಘ ಭಾಗಗಳು ಅರಾಮಿಕ್‌ನಲ್ಲಿಯೇ ಇವೆ. ಸಭಾಮಂದಿರದಲ್ಲಿ ಧರ್ಮಗ್ರಂಥದ ಒಂದು ವಾಕ್ಯವನ್ನು ಹೀಬ್ರೂವಿನಲ್ಲಿ ಓದಿದೊಡನೆ, ಪಕ್ಕದಲ್ಲಿ ನಿಂತವನು ಅದರ ತಾತ್ಪರ್ಯವನ್ನು ಅರಾಮಿಕ್‌ನಲ್ಲಿ ಹೇಳುವ ರೂಢಿ ಬೆಳೆಯಿತು. ಇದೇ ತರ್ಗುಮ್. ಅದರ ಉದ್ದೇಶ ಒಂದೇ: ಕೇಳುವವನಿಗೆ ತಿಳಿಯಬೇಕು. ಬ್ಯಾಬಿಲೋನಿನ ತಲ್ಮುದ್‌ನ ಚರ್ಚೆಗಳೂ ಬಹುಪಾಲು ಈ ಭಾಷೆಯಲ್ಲಿಯೇ ನಡೆದವು. ಆ ತಲ್ಮುದ್‌ನಲ್ಲಿಯೇ ಎರಡು ಭಿನ್ನ ಮಾತುಗಳು ದಾಖಲಾಗಿವೆ. ದೇವದೂತರಿಗೆ ಅರಾಮಿಕ್ ತಿಳಿಯದು, ಆದ್ದರಿಂದ ತನ್ನ ಬೇಡಿಕೆಗಳನ್ನು ಅದರಲ್ಲಿ ಸಲ್ಲಿಸಬಾರದೆಂಬುದು ಒಂದು. ಆದಿಮಾನವ ಆದಾಮನು ಆಡುತ್ತಿದ್ದುದೇ ಅರಾಮಿಕ್ ಎಂಬುದು ಮತ್ತೊಂದು. ಒಂದು ಭಾಷೆ ಇನ್ನೂ ಬೀದಿಯ ಮಾತಾಗಿರುವಾಗ ಅದನ್ನು ಪವಿತ್ರವೆಂದು ಒಪ್ಪುವುದು ಎಷ್ಟು ಕಷ್ಟವೆಂಬುದಕ್ಕೆ ಈ ಇಬ್ಬಂದಿಯೇ ನಿದರ್ಶನ. ಕಾಲ ಸರಿದು ಬೀದಿಯಿಂದ ಅದು ಮರೆಯಾದ ಮೇಲೆ ಅನುಮಾನವೂ ಮರೆಯಾಯಿತು. ಮೃತರಿಗಾಗಿ ಹೇಳುವ ಕದ್ದಿಶ್ ಪ್ರಾರ್ಥನೆ, ವಿವಾಹದ ಕರಾರುಪತ್ರ ಇಂದಿಗೂ ಅರಾಮಿಕ್‌ನಲ್ಲಿವೆ. ತಿಳಿಯಲೆಂದು ತಂದ ನುಡಿಯನ್ನೇ ಈಗ ಅರ್ಥಹೇಳಿ ತಿಳಿಸಬೇಕಾಗಿದೆ. ಜನರಿಗೆ ತಿಳಿಯಲೆಂದೇ ಆಯ್ದುಕೊಂಡ ಪ್ರಾಕೃತ, ಪಾಳಿಗಳು ಟೀಕೆಗಳಿಲ್ಲದೆ ಅರ್ಥವಾಗದ ಆಗಮಭಾಷೆಗಳಾದುದನ್ನು ಬಲ್ಲ ಭಾರತೀಯ ಓದುಗರಿಗೆ ಈ ಗತಿ ಅಪರಿಚಿತವಲ್ಲ.

ಯೇಸುವಿನ ಮನೆಮಾತು ಗಲಿಲಾಯದ ಅರಾಮಿಕ್ ಆಗಿತ್ತು. ಸುವಾರ್ತೆಗಳು ಗ್ರೀಕಿನಲ್ಲಿ ರಚಿತವಾದರೂ ಕೆಲವು ಪದಗಳನ್ನು ಮಾರ್ಕನು ಅನುವಾದಿಸಿ ತೃಪ್ತನಾಗದೆ ಮೂಲದಲ್ಲಿಯೇ ಉಳಿಸಿಕೊಂಡಿದ್ದಾನೆ. ತಂದೆಯನ್ನು ಕರೆಯುವ 'ಅಬ್ಬಾ' ಅಂಥದೊಂದು. ಅದು ಕನ್ನಡದ 'ಅಪ್ಪ'ನನ್ನು ಹೋಲುವುದು ಕೇವಲ ಆಕಸ್ಮಿಕ. ಆದರೆ ಎರಡೂ ಗ್ರಂಥದಿಂದ ಬಂದವಲ್ಲ, ಮನೆಯ ಹೊಸ್ತಿಲಿನಿಂದ ಬಂದವು ಎಂಬ ಮಟ್ಟಿಗೆ ಹೋಲಿಕೆ ಸಾರ್ಥಕ. ಇಂದಿನ ತುರ್ಕಿಯ ಉರ್ಫಾ, ಅಂದರೆ ಅಂದಿನ ಎಡೆಸ್ಸಾ ಪಟ್ಟಣದ ಅರಾಮಿಕ್ ಉಪಭಾಷೆಯು ಸಿರಿಯಾಕ್ ಎಂಬ ಹೆಸರಿನಿಂದ ಪೂರ್ವದ ಕ್ರೈಸ್ತರ ಸಾಹಿತ್ಯಭಾಷೆಯಾಯಿತು. ಪೆಶಿತ್ತಾ ಎಂಬ ಬೈಬಲ್ ಅನುವಾದ ಅದರಲ್ಲಿ ಮೂಡಿತು. 373ರಲ್ಲಿ ತೀರಿಕೊಂಡ ಎಫ್ರೇಮ್ ಅದರಲ್ಲಿ ಸ್ತೋತ್ರಗೀತೆಗಳನ್ನು ಹಾಡುಗಟ್ಟಿದನು. ಮೂರನೆಯ ಶತಮಾನದ ಮಾನಿ ತನ್ನ ಹೊಸ ಮತದ ಗ್ರಂಥಗಳನ್ನು ಬಹುಪಾಲು ಇದೇ ಭಾಷೆಯಲ್ಲಿ ಬರೆದನು. ದಕ್ಷಿಣ ಇರಾಕಿನ ಮಂಡಿಯನ್ನರ ಧರ್ಮಗ್ರಂಥವಾದ ಗಿಂಜಾ ಕೂಡ ಅರಾಮಿಕ್‌ನ ಒಂದು ಪ್ರಭೇದದಲ್ಲಿದೆ. ಒಂದೇ ಭಾಷೆ ಇಷ್ಟು ಮತಗಳಿಗೆ ಪವಿತ್ರವಾದುದರಿಂದ, ಅದು ಯಾವ ಒಂದು ಮತದ ಸೊತ್ತೂ ಆಗಲಿಲ್ಲ.

ಸಿರಿಯಾಕ್ ಮಠಗಳು ಪ್ರಾರ್ಥನೆಗಷ್ಟೇ ಸೀಮಿತವಾಗಿರಲಿಲ್ಲ. ಪಂಚತಂತ್ರದ ಕಥೆಗಳು ಪಹ್ಲವಿಯ ಮೂಲಕ ಆರನೆಯ ಶತಮಾನದಲ್ಲಿ ಸಿರಿಯಾಕ್‌ಗೆ ಬಂದವು. ದುರ್ಗಸಿಂಹನು ಕನ್ನಡದಲ್ಲಿ ಪಂಚತಂತ್ರವನ್ನು ರಚಿಸುವುದಕ್ಕೆ ಅದು ಸುಮಾರು ಐದು ಶತಮಾನಗಳಷ್ಟು ಹಿಂದಿನದು. ಯೂಫ್ರೆಟಿಸ್ ತೀರದ ಕೆನ್ನೆಶ್ರೆ ಮಠದ ಸೆವೆರಸ್ ಸೆಬೋಖ್ತ್ ಎಂಬ ಬಿಷಪ್ 662ರಲ್ಲಿ ಭಾರತೀಯರ ಒಂಬತ್ತು ಅಂಕಿಗಳ ಗಣನಾಕ್ರಮವನ್ನು ಪ್ರಶಂಸಿಸಿದನು. ಜಗತ್ತಿನ ಜ್ಞಾನವೆಲ್ಲ ಗ್ರೀಕರದೇ ಎಂಬ ಹಮ್ಮಿಗೆ ಉತ್ತರವಾಗಿ ಅವನು ಆ ಮಾತನ್ನು ಹೇಳಿದನು. ಬಾಗ್ದಾದಿನ ಹುನೈನ್ ಇಬ್ನ್ ಇಸ್ಹಾಕ್ (809–873) ಗ್ರೀಕ್ ವೈದ್ಯಗ್ರಂಥಗಳನ್ನು ಸಿರಿಯಾಕ್‌ಗೂ ಅರಬ್ಬಿಗೂ ತಂದನು. ಚೀನಾದ ಶಿಆನ್‌ನಲ್ಲಿರುವ 781ರ ಶಿಲಾಫಲಕದಲ್ಲಿ ಚೀನೀ ಬರಹದ ಜೊತೆಗೆ ಸಿರಿಯಾಕ್ ಸಾಲುಗಳಿವೆ.

ಪೂರ್ವದ ಕಡೆ ಸಾಗಿದ ಇದೇ ಸಂಪ್ರದಾಯವು ಕೇರಳದ ಸಂತ ತೋಮಸರ ಕ್ರೈಸ್ತರಲ್ಲಿಯೂ ನೆಲೆಸಿತು. ಅವರ ಮನೆಮಾತು ಮಲಯಾಳ, ಪೂಜೆಯ ಮಾತು ಸಿರಿಯಾಕ್. ಮಲಯಾಳವನ್ನೇ ಸಿರಿಯಾಕ್ ಲಿಪಿಯಲ್ಲಿ ಬರೆಯುವ 'ಸುರಿಯಾನಿ ಮಲಯಾಳ' ಎಂಬ ರೂಢಿಯೂ ಅಲ್ಲಿ ಬೆಳೆಯಿತು. ಖುರ್ಬಾನ, ಮಾಲಾಖ ಮೊದಲಾದ ಪದಗಳು ಅಲ್ಲಿ ನಿತ್ಯದ ಬಳಕೆಯವು. ದಕ್ಷಿಣ ಕನ್ನಡದ ಬೆಳ್ತಂಗಡಿ ಮುಂತಾದೆಡೆ ಬಂದು ನೆಲೆಸಿದ ಕುಟುಂಬಗಳ ಮೂಲಕ ಅವು ಕರ್ನಾಟಕದಲ್ಲಿಯೂ ಕೇಳಿಬರುತ್ತವೆ. 1962ರಲ್ಲಿ ಸೀರೋ-ಮಲಬಾರ್ ಸಭೆಯ ಪೂಜಾವಿಧಿ ಮಲಯಾಳಕ್ಕೆ ತಿರುಗಿತು. ಕಾರಣ, ಕೇಳುವವನಿಗೆ ತಿಳಿಯಬೇಕು. ಯಾವ ನ್ಯಾಯದಿಂದ ಅರಾಮಿಕ್ ಸಭಾಮಂದಿರವನ್ನು ಹೊಕ್ಕಿತೋ ಅದೇ ನ್ಯಾಯದಿಂದ ಅದು ಇಲ್ಲಿ ಹೊರಗೆ ಬಂದಿತು.

ಪಶ್ಚಿಮ ಏಷ್ಯಾದಲ್ಲಿ ಅದರ ಹಿನ್ನಡೆ ಏಳನೆಯ ಶತಮಾನದ ಅರಬ್ ವಿಜಯಗಳಿಂದ ಮೊದಲಾಯಿತು. ಆ ಶತಮಾನದ ಕೊನೆಗೆ ಖಲೀಫ ಅಬ್ದ್ ಅಲ್-ಮಲಿಕನು ಅರಬ್ಬಿಯನ್ನು ಆಡಳಿತಭಾಷೆಯನ್ನಾಗಿಸಿದನು. ಪೇಟೆಪಟ್ಟಣಗಳಲ್ಲಿ ಅರಾಮಿಕ್ ಮೆಲ್ಲಮೆಲ್ಲನೆ ಕರಗಿತು. ಅದು ಉಳಿದುದು ಬೆಟ್ಟದ ಊರುಗಳಲ್ಲಿ. ದಮಸ್ಕದ ಉತ್ತರಕ್ಕೆ ಕಲಮೂನ್ ಬೆಟ್ಟಸಾಲಿನ ಮಾಲೂಲಾ, ಜುಬ್ಬಾದೀನ್, ಬಖಾ ಎಂಬ ಮೂರು ಹಳ್ಳಿಗಳಲ್ಲಿ ಅದರ ಪಶ್ಚಿಮದ ಶಾಖೆ ಇಂದಿನವರೆಗೂ ಬಾಯಿಂದ ಬಾಯಿಗೆ ಬಂದಿದೆ. ಮಾಲೂಲಾದವರು ಹೆಚ್ಚಾಗಿ ಕ್ರೈಸ್ತರು, ಉಳಿದೆರಡು ಊರಿನವರು ಮುಸ್ಲಿಮರು. ಗಮನಿಸಬೇಕಾದ ಸಂಗತಿಯೆಂದರೆ, ಇಬ್ಬರ ಪ್ರಾರ್ಥನೆಯೂ ಮುಖ್ಯವಾಗಿ ಅರಬ್ಬಿಯಲ್ಲಿದೆ. ಕೇರಳದಲ್ಲಿ ಪೂಜೆ ಅರಾಮಿಕ್, ಮನೆ ಬೇರೆ. ಇಲ್ಲಿ ಮನೆ ಅರಾಮಿಕ್, ಪೂಜೆ ಬೇರೆ. ಕೇರಳದಲ್ಲಿ ಉಳಿದುದು ಭಾಷೆಯ ಸ್ಮರಣೆ. ಈ ಹಳ್ಳಿಗಳಲ್ಲಿ ಉಳಿದುದು ಭಾಷೆ.

ಆ ಭಾಷೆಗೆ ಕಳೆದ ನೂರು ವರ್ಷಗಳು ಹಿಂದಿನ ಸಾವಿರ ವರ್ಷಗಳಿಗಿಂತ ಕ್ರೂರವಾದವು. 1915ರಲ್ಲಿ ಒಟ್ಟೊಮನ್ ನೆಲದ ಪೂರ್ವದ ಜಿಲ್ಲೆಗಳಲ್ಲಿ ಅರಾಮಿಕ್ ನುಡಿಯುವ ಕ್ರೈಸ್ತರ ಕಗ್ಗೊಲೆ ನಡೆಯಿತು, ಊರೂರುಗಳೇ ಬರಿದಾದವು. ಇರಾಕಿ ಕುರ್ದಿಸ್ತಾನದಲ್ಲಿ ಅದನ್ನು ಆಡುತ್ತಿದ್ದ ಯೆಹೂದ್ಯರು 1950–51ರ ಹೊತ್ತಿಗೆ ಇಸ್ರೇಲಿಗೆ ವಲಸೆ ಹೋದರು. ಅವರ ಮಕ್ಕಳ ಮಾತು ಹೀಬ್ರೂ ಆಯಿತು. ತುರ್ಕಿಯ ತೂರ್ ಅಬ್ದೀನ್ ಪ್ರದೇಶದ ಬಹುಮಂದಿ ಸ್ವೀಡನ್, ಜರ್ಮನಿಗಳನ್ನು ಸೇರಿದರು. 2013ರ ಸೆಪ್ಟೆಂಬರಿನಲ್ಲಿ ಸಿರಿಯಾದ ಅಂತರ್ಯುದ್ಧ ಮಾಲೂಲಾವನ್ನು ಮುಟ್ಟಿತು. ಜನ ಊರು ತೊರೆದರು. ಬಖಾ ಹಾಳಾಯಿತು. 2014ರ ಆಗಸ್ಟಿನಲ್ಲಿ ಇರಾಕಿನ ನಿನೆವೆ ಬಯಲಿನ ಕರಾಕೋಶ್ ಉಗ್ರರ ಕೈಸೇರಿದಾಗ ಅಲ್ಲಿನ ಅರಾಮಿಕ್ ಭಾಷಿಕರು ಒಂದೇ ರಾತ್ರಿಯಲ್ಲಿ ದಿಕ್ಕಾಪಾಲಾದರು. ಕೇಂಬ್ರಿಜ್ ವಿಶ್ವವಿದ್ಯಾಲಯದ ಜೆಫ್ರಿ ಖಾನ್ ಮತ್ತು ಅವರ ಸಹೋದ್ಯೋಗಿಗಳು ಹೀಗೆ ಚೆದರಿದವರಲ್ಲಿ ಹಿರಿಯರನ್ನು ಹುಡುಕಿ, ಊರೂರಿನ ಉಪಭಾಷೆಗಳನ್ನು ದಾಖಲಿಸುತ್ತ ಬಂದಿದ್ದಾರೆ.

ಅಸ್ಸೀರಿಯಾದ ಕಾಲದಲ್ಲಿಯೂ ಅರಾಮಿಯರು ಚೆದರಿದ್ದರು; ಅದರಿಂದ ಅವರ ಭಾಷೆ ಬೆಳೆಯಿತು. ಇಂದು ಚೆದರಿದವರ ಭಾಷೆ ಕ್ಷೀಣಿಸುತ್ತಿದೆ. ವ್ಯತ್ಯಾಸ ಸ್ಪಷ್ಟವಾಗಿದೆ. ಅಂದು ಅವರು ಹೋದಲ್ಲಿ ಗುಂಪಾಗಿ ನೆಲೆಗೊಂಡರು. ಅವರ ನುಡಿ ನೆರೆಯವನಿಗೂ ಬೇಕಾಗಿತ್ತು, ವ್ಯಾಪಾರಿಗೂ ಬೇಕಾಗಿತ್ತು, ಅರಮನೆಗೂ ಬೇಕಾಗಿತ್ತು. ಇಂದು ಅದು ಮನೆಯ ಅಜ್ಜಿಗೆ ಮಾತ್ರ ಬೇಕಾಗಿದೆ. ಸಾಮ್ರಾಜ್ಯವು ಅರಾಮಿಕ್ ಅನ್ನು ಹರಡಿತು, ಧರ್ಮವು ಅದನ್ನು ಕಾಪಿಟ್ಟಿತು. ಕದ್ದಿಶ್ ಹೇಳುವವರು ಇರುವ ತನಕ, ಪೆಶಿತ್ತಾ ಓದುವವರು ಇರುವ ತನಕ ಅದರ ಪದಗಳು ಅಳಿಯಲಾರವು. ಆದರೆ ಹಸಿವಾಯಿತೆಂದು ಮಗು ತಾಯಿಗೆ ಹೇಳುವ ಮಾತನ್ನು ಯಾವ ಸ್ತೋತ್ರವೂ ಕಾಪಿಡಲಾರದು. ಅದನ್ನು ಉಳಿಸಬಲ್ಲವರು ಆ ತಾಯಿ ಮತ್ತು ಆ ಮಗು ಮಾತ್ರ.