ಏಳು ಎಂದರೆ ಎಷ್ಟನೆಯದು?

2008ರ ಅಕ್ಟೋಬರ್ 13ರಂದು ಮೈಕ್ರೋಸಾಫ್ಟ್ ತನ್ನ ಮುಂದಿನ ಆಪರೇಟಿಂಗ್ ಸಿಸ್ಟಮ್ಮಿಗೆ ಹೆಸರಿಟ್ಟಿತು: ವಿಂಡೋಸ್ 7. ಘೋಷಿಸಿದವರು ಕಂಪನಿಯ ಉಪಾಧ್ಯಕ್ಷರಲ್ಲಿ ಒಬ್ಬರಾದ ಮೈಕ್ ನ್ಯಾಶ್. ಕೊಟ್ಟ ಕಾರಣ ತುಂಬಾ ಸರಳ. ಇದು ವಿಂಡೋಸಿನ ಏಳನೆಯ ಬಿಡುಗಡೆ, ಆದ್ದರಿಂದ ಏಳು. ಕಥೆ ಅಲ್ಲಿಗೇ ಮುಗೀಬೇಕಿತ್ತು. ಆದರೆ ಎಣಿಸೋಕೆ ಬರೋ ಜನ ಲೋಕದಲ್ಲಿ ಬಹಳ ಇದ್ದಾರೆ ನೋಡಿ.

ಎಣಿಸಿದರು. ಮನೆ ಬಳಕೆಗೆ ಬಂದ ವಿಂಡೋಸುಗಳನ್ನು ಮಾತ್ರ ಹಿಡಿದರೆ 1, 2, 3, ಆಮೇಲೆ 95, 98, ಮಿಲೆನಿಯಂ, ಎಕ್ಸ್‌ಪಿ, ವಿಸ್ಟಾ. ಎಂಟಾಯ್ತು. ಅಂದರೆ ಹೊಸದು ಒಂಬತ್ತನೆಯದು. ಆಫೀಸುಗಳಿಗೆ ಅಂತ ಮಾಡಿದ ಎನ್‌ಟಿ ವಂಶಾವಳಿ ಹಿಡಿದು ಹೊರಟರೆ 3.1, 3.5, 3.51, 4.0, ಆಮೇಲೆ 2000, ಎಕ್ಸ್‌ಪಿ, ವಿಸ್ಟಾ. ಆಗ ಹೊಸದು ಎಂಟನೆಯದು. ನಮ್ಮ ಆಫೀಸಿನ ಕ್ಯಾಂಟೀನಿನಲ್ಲೂ ಈ ಲೆಕ್ಕ ನಡೀತು. ಟಿಶ್ಯೂ ಪೇಪರಿನ ಮೇಲೆ ಪೆನ್ನಿನಲ್ಲಿ ಬರೆದು ಬರೆದು ಹರಿದು ಹಾಕಿದ್ವಿ. ಏಳು ಮಾತ್ರ ಯಾರಿಗೂ ಬರಲಿಲ್ಲ.

ಗಲಾಟೆ ಜೋರಾದ ಮೇಲೆ ಮರುದಿನವೇ ನ್ಯಾಶ್ ಲೆಕ್ಕ ಬಿಡಿಸಿದರು. 1, 2, 3 ಹಾಗೇ. 95, 98, ಮಿಲೆನಿಯಂ ಮೂರನ್ನೂ ಸೇರಿಸಿ ನಾಲ್ಕು. 2000 ಮತ್ತು ಎಕ್ಸ್‌ಪಿ ಎರಡೂ ಸೇರಿ ಐದು, ಯಾಕೆಂದರೆ ಒಳಗಿನ ಆವೃತ್ತಿ ಸಂಖ್ಯೆ ಅವಕ್ಕೆ 5.0 ಮತ್ತು 5.1. ವಿಸ್ಟಾ ಆರು. ಹಾಗಾಗಿ ಇದು ಏಳು. ಕೂಡು ಕುಟುಂಬದಲ್ಲಿ ಮಕ್ಕಳನ್ನು ಲೆಕ್ಕ ಹಾಕಿದ ಹಾಗೆ, ಕೆಲವರನ್ನು ಒಟ್ಟಿಗೆ ಹಿಡಿದು, ಕೆಲವರನ್ನು ಬಿಡಿಯಾಗಿ ಹಿಡಿದು ಉತ್ತರ ತಂದರು ಅನ್ನಿ. ಆದರೆ ನಿಜವಾದ ತಮಾಷೆ ಅದೇ ವಿವರಣೆಯ ಕೊನೆಯಲ್ಲಿತ್ತು. ಹೆಸರು ವಿಂಡೋಸ್ 7 ಆದರೂ ಒಳಗಿನ ಆವೃತ್ತಿ ಸಂಖ್ಯೆ 7.0 ಆಗಿರೋದಿಲ್ಲ, 6.1 ಆಗಿರುತ್ತೆ!

ಜನ ನಕ್ಕರು. ಇದೇನು ವಿಸ್ಟಾಗೇ ಹೊಸ ಬಣ್ಣ ಬಳಿದು ಮಾರ್ತಿದ್ದಾರಾ ಅಂತ ಕೆಲವರು ಸಿಟ್ಟಾದರು. ಅವತ್ತು ಅರ್ಧ ಲೋಕ ನಕ್ಕಿದ್ದು ತಪ್ಪು ಜಾಗದಲ್ಲಿ ಅಂತ ನನ್ನ ಅಭಿಪ್ರಾಯ. 6.1 ಅನ್ನೋದು ಆ ಘೋಷಣೆಯಲ್ಲಿದ್ದ ಅತ್ಯಂತ ಜವಾಬ್ದಾರಿಯುತ ನಿರ್ಧಾರ. ಯಾಕೆ ಅಂತ ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ಒಂದು ಪ್ರೋಗ್ರಾಮ್ ಇನ್‌ಸ್ಟಾಲ್ ಆಗುವ ಮುಂಚೆ ಕಂಪ್ಯೂಟರನ್ನು ಕೇಳುತ್ತೆ, ನಿನ್ನ ಆವೃತ್ತಿ ಯಾವುದು ಅಂತ. ವಿಂಡೋಸ್ ಎರಡು ಅಂಕಿ ಕೊಡುತ್ತೆ: ಚುಕ್ಕಿಯ ಹಿಂದಿನದು, ಚುಕ್ಕಿಯ ಮುಂದಿನದು. ಎಕ್ಸ್‌ಪಿ ಕಾಲದ ಪ್ರೋಗ್ರಾಮರ್ ಒಬ್ಬ 'ಎಕ್ಸ್‌ಪಿ ಅಥವಾ ಅದಕ್ಕಿಂತ ಹೊಸದು ಬೇಕು' ಅಂತ ಪರೀಕ್ಷೆ ಬರೀಬೇಕು. ಏನು ಮಾಡ್ತಾನೆ? ಮೊದಲ ಅಂಕಿ 5 ಅಥವಾ ಹೆಚ್ಚು ಇರಲಿ, ಎರಡನೆಯದು 1 ಅಥವಾ ಹೆಚ್ಚು ಇರಲಿ ಅಂತ ಬರೀತಾನೆ. 5.1 ಪಾಸ್. ಟೆಸ್ಟಿಂಗ್ ಪಾಸ್. ಸಾಫ್ಟ್‌ವೇರ್ ಊರೆಲ್ಲಾ ಹರಡುತ್ತೆ. ಐದು ವರ್ಷ ಕಳೆದ ಮೇಲೆ ವಿಸ್ಟಾ ಬರುತ್ತೆ, 6.0. ಆರು ಐದಕ್ಕಿಂತ ದೊಡ್ಡದು, ಸರಿ. ಸೊನ್ನೆ ಒಂದಕ್ಕಿಂತ ಚಿಕ್ಕದು, ಫೇಲ್! 'ನಿಮ್ಮ ವಿಂಡೋಸ್ ತುಂಬಾ ಹಳೆಯದು' ಅಂತ ಹೊಚ್ಚ ಹೊಸ ಕಂಪ್ಯೂಟರಿಗೇ ಹೇಳಿ ಪ್ರೋಗ್ರಾಮ್ ಬಾಗಿಲು ಹಾಕಿಕೊಳ್ಳುತ್ತೆ.

ಇಂಥ ಒಂದು ಸಾಲನ್ನು ನಾನು ಕಣ್ಣಾರೆ ನೋಡಿದ್ದೇನೆ. ನಮಗೆ ಹಸ್ತಾಂತರವಾಗಿದ್ದ ಒಂದು ಹಳೇ ಬಿಲ್ಲಿಂಗ್ ಪ್ಯಾಕೇಜಿನಲ್ಲಿ ಇತ್ತು. ಬರೆದವರು ಕಂಪನಿ ಬಿಟ್ಟು ಎಷ್ಟೋ ವರ್ಷ ಆಗಿತ್ತು, ಅಂಗಡಿಯವರು ಮಾತ್ರ ದಿನಾ ಅದರಲ್ಲೇ ಬಿಲ್ ಹಾಕ್ತಾ ಇದ್ದರು. 6.1 ಅಂತ ಕೊಟ್ಟರೆ ಇಂಥ ಹಾಳು ಸಾಲು ಕೂಡ ಪಾಸ್ ಆಗುತ್ತೆ. ಆರು ಸಾಕು, ಒಂದು ಸಾಕು. ವಿಸ್ಟಾಗೆ ಅಂತ ತಿದ್ದಿ ಬರೆದ, 6 ಬಂದರೆ ಮಾತ್ರ ನಡೆಯುವ ಪ್ರೋಗ್ರಾಮುಗಳೂ ನಡೆಯುತ್ತವೆ. ಮನುಷ್ಯರಿಗೊಂದು ಹೆಸರು, ಯಂತ್ರಕ್ಕೊಂದು ಹೆಸರು. ಜನರಿಗೆ ಹೇಳಿದ್ದು ಏಳು, ಅದು ಮಾರಾಟಕ್ಕೆ. ಪ್ರೋಗ್ರಾಮುಗಳಿಗೆ ಹೇಳಿದ್ದು 6.1, ಅದು ಅಂಗಡಿಯವನ ಬಿಲ್ ನಿಲ್ಲದೇ ಇರಲಿ ಅಂತ.

ಇರಲಿ. ಅಂಕಿ ಯಾಕೆ ಬೇಕಾಯ್ತು ಅನ್ನೋದು ದೊಡ್ಡ ಪ್ರಶ್ನೆ. ಅದಕ್ಕೆ ಹಿಂದಿನ ಹೆಸರಿನ ಕಥೆ ಗೊತ್ತಿರಬೇಕು.

ವಿಸ್ಟಾ ಹುಟ್ಟಿದ್ದು ಲಾಂಗ್‌ಹಾರ್ನ್ ಅನ್ನೋ ಗುಪ್ತನಾಮದಲ್ಲಿ. ಕೆನಡಾದ ವಿಸ್ಲರ್ ಮತ್ತು ಬ್ಲ್ಯಾಕ್‌ಕೂಂಬ್ ಬೆಟ್ಟಗಳ ಬುಡದಲ್ಲಿರುವ ಒಂದು ಬಾರಿನ ಹೆಸರು ಅದು. ಎಕ್ಸ್‌ಪಿಯ ಗುಪ್ತನಾಮ ವಿಸ್ಲರ್, ಅದಾದ ಮೇಲೆ ಬರಬೇಕಿದ್ದ ದೊಡ್ಡ ವಿಂಡೋಸಿನದು ಬ್ಲ್ಯಾಕ್‌ಕೂಂಬ್. ಒಂದು ಬೆಟ್ಟದಿಂದ ಇನ್ನೊಂದಕ್ಕೆ ಹೋಗುವಾಗ ಮಧ್ಯದಲ್ಲಿ ಒಂದು ಗ್ಲಾಸ್ ಕುಡಿಯೋಕೆ ನಿಲ್ಲುವ ಜಾಗ, ಆ ಅರ್ಥದಲ್ಲಿ ಇಟ್ಟಿದ್ದು. ಆದರೆ ಬಾರಿಗೆ ಹೋದವರು ಬೇಗ ಎದ್ದು ಬರಲಿಲ್ಲ. ಎಕ್ಸ್‌ಪಿ ಬಂದಿದ್ದು 2001ರಲ್ಲಿ, ಗ್ರಾಹಕರ ಕೈಗೆ ವಿಸ್ಟಾ ಸಿಕ್ಕಿದ್ದು 2007ರ ಜನವರಿ 30ಕ್ಕೆ.

ವಿಸ್ಟಾ ಅನ್ನೋ ಹೆಸರು ಹೊರಗೆ ಬಂದಿದ್ದು 2005ರ ಜುಲೈನಲ್ಲಿ. ದೂರದವರೆಗೂ ಹರಡಿದ ಸುಂದರ ನೋಟ ಅಂತ ಅರ್ಥ. ಚೆನ್ನಾಗೇ ಇತ್ತು ಕಣ್ರೀ. ಆದರೆ ಲಾಟ್ವಿಯಾದವರು ಹೊಟ್ಟೆ ಹುಣ್ಣಾಗುವಂತೆ ನಕ್ಕರು, ಅವರ ಭಾಷೆಯಲ್ಲಿ ವಿಸ್ಟಾ ಅಂದರೆ ಹೇಂಟೆ ಕೋಳಿ. ಇಂಗ್ಲಿಷಿನವರು ಆ ಐದು ಅಕ್ಷರಗಳಿಗೆ ವೈರಸ್, ಇಂಟ್ರೂಡರ್ಸ್, ಸ್ಪೈವೇರ್, ಟ್ರೋಜನ್, ಆಡ್‌ವೇರ್ ಅಂತ ಬಿಡಿಸಿ ಬರೆದು ಹಂಚಿದರು. ಆಪರೇಟಿಂಗ್ ಸಿಸ್ಟಮ್ ಇನ್ನೂ ಹುಟ್ಟೇ ಇರಲಿಲ್ಲ, ಅಡ್ಡಹೆಸರು ಬಿದ್ದಿತ್ತು. (ನಮ್ಮ ಕಡೆ ಹೆಸರಿನ ಸುದ್ದಿ ಬಂದರೆ ನಾನು ಎಕ್ಸ್‌ಪಿಯನ್ನೇ ನೆನೆಸಿಕೊಳ್ಳೋದು. ಎಕ್ಸ್‌ಪಿ ಅಂದರೆ ಎಕ್ಸ್‌ಪೀರಿಯನ್ಸ್ ಅಂತೆ, ಅದು ಬಿಡಿ. ಅದರ ಜೊತೆ ಬಂದ ಕನ್ನಡ ಫಾಂಟಿಗೆ ತುಂಗಾ ಅಂತ ಹೆಸರಿಟ್ಟಿದ್ದರು. ಅಷ್ಟು ಒಳ್ಳೆ ಹೆಸರನ್ನು ಮೈಕ್ರೋಸಾಫ್ಟ್ ಆಮೇಲೆ ಇಟ್ಟಿದ್ದು ನನಗಂತೂ ಗೊತ್ತಿಲ್ಲ.)

ತಮಾಷೆಯ ಅಡ್ಡಹೆಸರುಗಳಿಂದ ವಿಸ್ಟಾ ಸಾಯಲಿಲ್ಲ. ಸಾಯಿಸಿದ್ದು ಒಂದು ಸ್ಟಿಕ್ಕರ್. 2006ರಲ್ಲಿ, ವಿಸ್ಟಾ ಇನ್ನೂ ಬಂದಿಲ್ಲ, ಎಕ್ಸ್‌ಪಿ ಕಂಪ್ಯೂಟರುಗಳ ಮಾರಾಟ ನಿಲ್ಲಬಾರದು. ಅದಕ್ಕೆ 'ವಿಸ್ಟಾ ಕೇಪಬಲ್' ಅನ್ನೋ ಚೀಟಿ ಅಂಟಿಸಿದರು. ಈಗ ಕೊಂಡರೂ ಮುಂದೆ ವಿಸ್ಟಾ ಓಡುತ್ತೆ ಅನ್ನೋ ಭರವಸೆ. ಆದರೆ ಜಾಹೀರಾತಿನಲ್ಲಿ ತೋರಿಸುತ್ತಿದ್ದ ಗಾಜಿನಂಥ ಕಿಟಕಿಗಳ ಏರೋ ಅನ್ನೋ ಅಲಂಕಾರ ಆ ಎಷ್ಟೋ ಯಂತ್ರಗಳಲ್ಲಿ ಓಡುವಂತಿರಲಿಲ್ಲ. ಇಂಟೆಲ್‌ನ 915 ಗ್ರಾಫಿಕ್ಸ್ ಚಿಪ್ ಇದ್ದವು ಅದಕ್ಕೆ ತಕ್ಕವಲ್ಲ. ಅದು ಬೇಕಿದ್ದರೆ 'ಪ್ರೀಮಿಯಂ ರೆಡಿ' ಅನ್ನೋ ಬೇರೆ ಚೀಟಿ ಇರೋ ಯಂತ್ರ ಕೊಳ್ಳಬೇಕಿತ್ತು. ಈ ವ್ಯತ್ಯಾಸ ಅಂಗಡಿಯಲ್ಲಿ ನಿಂತವನಿಗೆ ಗೊತ್ತಾಗೋದು ಹೇಗೆ?

ಅಮೆರಿಕದಲ್ಲಿ 2007ರಲ್ಲಿ ಕೇಸು ಬಿತ್ತು. ಮರುವರ್ಷ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟಿನ ಒಳಗಿನ ಇ-ಮೇಲುಗಳು ನ್ಯಾಯಾಲಯದ ಮೂಲಕ ಹೊರಬಂದವು. ಇಂಟೆಲ್ಲಿನ ತ್ರೈಮಾಸಿಕ ಗಳಿಕೆಗೆ ನೆರವಾಗಲಿ ಅಂತ ನಾವೇ ಅರ್ಹತೆಯ ಮಟ್ಟ ಇಳಿಸಿದೆವು ಅನ್ನೋ ಅರ್ಥದ ಮಾತು ಒಂದರಲ್ಲಿತ್ತು. ಇಂಟೆಲ್ ಅದನ್ನು ಅಲ್ಲಗಳೆಯಿತು. ಇನ್ನೊಂದು ಇ-ಮೇಲ್ ಬರೆದವರು ಸ್ವತಃ ಮೋಸಹೋದ ಗಿರಾಕಿ. ವಿಸ್ಟಾ ಚೀಟಿ ನೋಡಿ ಸೋನಿ ಲ್ಯಾಪ್‌ಟಾಪ್ ಕೊಂಡೆ, ಏರೋ ಓಡಲಿಲ್ಲ, ನನಗೆ ಬೇಕಾದ ವಿಡಿಯೋ ಪ್ರೋಗ್ರಾಮೂ ಓಡಲಿಲ್ಲ, ಈಗ ನನ್ನ ಹತ್ರ ಇರೋದು 2,100 ಡಾಲರಿನ ಇ-ಮೇಲ್ ಯಂತ್ರ ಅಂತ ಅವರ ಗೋಳು. ಯಾರು ಗೊತ್ತಾ ಅವರು? ಮೈಕ್ ನ್ಯಾಶ್. ಎಂಟು ತಿಂಗಳ ಮೇಲೆ 'ಇದು ಏಳನೆಯದು, ಆದ್ದರಿಂದ ಏಳು' ಅಂತ ಹೇಳಿದರಲ್ಲ, ಅವರೇ.

ಈ ಒಂದು ಸಂಗತಿ ಗೊತ್ತಾದ ಮೇಲೆ ನಾನು ಆ ಹೆಸರನ್ನು ಬೇರೆ ಥರ ನೋಡೋಕೆ ಶುರು ಮಾಡಿದೆ. ಅಲಂಕಾರದ ಹೆಸರು, ಚೀಟಿ ಮೇಲಿನ ಭರವಸೆ ಇವೆಲ್ಲ ಏನು ಮಾಡ್ತವೆ ಅಂತ ತನ್ನ ದುಡ್ಡು ಕೊಟ್ಟು ಕಲಿತ ಮನುಷ್ಯ ಆತ. ಒಂದು ಬೋಳು ಅಂಕಿ ಇಟ್ಟುಬಿಡೋದು ಎಷ್ಟು ಹಿತ ಅನ್ನಿಸಿರಬಹುದು!

ಕಂಪನಿ ಮಾತ್ರ ಆ ಮಧ್ಯೆ ಇನ್ನೊಂದು ಪಾಠ ಕಲಿತಿತ್ತು. 2008ರ ಜುಲೈನಲ್ಲಿ ಮೊಹಾವಿ ಪ್ರಯೋಗ ಅಂತ ಒಂದು ಮಾಡಿದರು. ವಿಸ್ಟಾ ಅಂದರೆ ಮೂಗು ಮುರಿಯುವ ಜನರನ್ನು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕರೆತಂದು, ಇದು ಮೊಹಾವಿ ಅನ್ನೋ ಹೊಸ ವಿಂಡೋಸ್ ಅಂತ ತೋರಿಸಿದರು. ಜನ ಮೆಚ್ಚಿದರು. ಆಮೇಲೆ, ಇದು ವಿಸ್ಟಾನೇ ಅಂತ ಗುಟ್ಟು ಬಿಟ್ಟುಕೊಟ್ಟು, ಅವರ ಬೆರಗನ್ನು ವಿಡಿಯೋ ಮಾಡಿ ಹಂಚಿದರು. ಮೊದಲು ಹತ್ತಕ್ಕೆ 4.4 ಕೊಟ್ಟಿದ್ದವರು ಆಮೇಲೆ 8.5 ಕೊಟ್ಟರಂತೆ. ಜನ ದ್ವೇಷಿಸ್ತಿರೋದು ಹೆಸರನ್ನ, ವಸ್ತುವನ್ನಲ್ಲ ಅನ್ನೋದು ಕಂಪನಿಯ ವಾದ.

ನನಗೆ ಅದು ಒಪ್ಪಿಗೆಯಿಲ್ಲ. ಸರಿಯಾದ ಹಾರ್ಡ್‌ವೇರ್ ಮೇಲೆ, ಪಳಗಿದವನೊಬ್ಬ ನಡೆಸಿ ತೋರಿಸಿದ ಪ್ರದರ್ಶನ ಅದು. ಮನೆಯಲ್ಲಿ ಹಳೇ ಪ್ರಿಂಟರಿಗೆ ಡ್ರೈವರ್ ಸಿಗದೆ ಭಾನುವಾರ ಪೂರ್ತಿ ಹಾಳು ಮಾಡಿಕೊಂಡವನ ಅನುಭವ ಆ ಹತ್ತು ನಿಮಿಷದಲ್ಲಿ ಎಲ್ಲಿ ಬರಬೇಕು? ಚೀಟಿ ನಂಬಿ ಕೊಂಡವರ ಕೇಸೂ ಕೊನೆಗೆ ಹೆಚ್ಚೇನೂ ಆಗಲಿಲ್ಲ. 2009ರ ಫೆಬ್ರವರಿಯಲ್ಲಿ ನ್ಯಾಯಾಧೀಶರು ಅದರ ಸಾಮೂಹಿಕ ದಾವೆಯ ಮಾನ್ಯತೆ ಹಿಂತೆಗೆದರು. ಪ್ರತಿಯೊಬ್ಬರೂ ಬೇರೆ ಬೇರೆ ಹೋರಾಡಬೇಕು ಅಂದರೆ ಯಾರೂ ಹೋರಾಡೋದಿಲ್ಲ ಅಂತಲೇ ಅರ್ಥ.

ವಿಂಡೋಸ್ 7 ಬಂದಿದ್ದು 2009ರ ಅಕ್ಟೋಬರ್ 22ಕ್ಕೆ. ಜಪಾನಿನ ಬರ್ಗರ್ ಕಿಂಗ್ ಏಳು ಮಾಂಸದ ಪದರಗಳ ಬರ್ಗರನ್ನು 777 ಯೆನ್ನಿಗೆ ಮಾರಿತು. ಎಣಿಕೆಯ ಜಗಳ ಆ ಹೊತ್ತಿಗೆ ಯಾರಿಗೂ ಬೇಡವಾಗಿತ್ತು. ಸಿಸ್ಟಮ್ ಚೆನ್ನಾಗಿ ಓಡ್ತಿತ್ತು, ಅಷ್ಟೇ ಕಾರಣ.

ಅಂಕಿಯ ದಾರಿ ಹಿಡಿದ ಮೇಲೆ ಕಷ್ಟ ಇರಬಾರದು ಅಲ್ವಾ? 8, 8.1 ಸರಿಯಾಗೇ ಬಂದವು. 2014ರ ಸೆಪ್ಟೆಂಬರ್ 30ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಟೆರ್ರಿ ಮೈಯರ್ಸನ್ ವೇದಿಕೆ ಹತ್ತಿದಾಗ ಎಲ್ಲರೂ 9 ಅಂತ ಕಾದಿದ್ದರು. ಆತ 10 ಅಂದರು. ಹಿಂದಿನ ವರ್ಷವೇ, 2013ರ ಏಪ್ರಿಲ್ 1ರಂದು, ಇನ್ಫೋವರ್ಲ್ಡ್ ಪತ್ರಿಕೆ ಮೈಕ್ರೋಸಾಫ್ಟ್ 9 ಬಿಟ್ಟು 10ಕ್ಕೆ ಹಾರುತ್ತೆ ಅಂತ ಮೂರ್ಖರ ದಿನದ ಸುದ್ದಿ ಬರೆದಿತ್ತು. ಅದು ನಿಜವಾಯ್ತು! ಆಗ ಹಬ್ಬಿದ ಒಂದು ವದಂತಿ ನನಗೆ ಈಗಲೂ ಇಷ್ಟ. ಎಷ್ಟೋ ಹಳೇ ಪ್ರೋಗ್ರಾಮುಗಳು 95 ಮತ್ತು 98 ಎರಡನ್ನೂ ಒಂದೇ ಏಟಿಗೆ ಹಿಡಿಯೋಕೆ, ಹೆಸರು 'ವಿಂಡೋಸ್ 9' ಅಂತ ಶುರುವಾಗುತ್ತಾ ಅಂತ ನೋಡ್ತವೆ, ನಿಜವಾದ 9 ಬಂದರೆ ಅವು ಅದನ್ನೂ ಹಳೇದು ಅಂದುಕೊಳ್ತವೆ, ಅದಕ್ಕೇ ಬಿಟ್ಟರು ಅಂತ. ಕಂಪನಿ ಇದನ್ನು ಕಾರಣ ಅಂತ ಒಪ್ಪಲಿಲ್ಲ. ಆದರೆ ಅಂಥ ಸಾಲುಗಳು ಇದ್ದದ್ದಂತೂ ಸತ್ಯ, ಅದರಲ್ಲೂ ಜಾವಾ ಪ್ರೋಗ್ರಾಮುಗಳಲ್ಲಿ. ನಮ್ಮಂಥವರು ಆ ವದಂತಿ ನಂಬಿದ್ದು ನಾವೇ ಅಂಥ ಸಾಲು ಬರೆಯಬಲ್ಲವರು ಅನ್ನೋ ಕಾರಣಕ್ಕೆ.

ಒಳಗಿನ ಲೆಕ್ಕ ತನ್ನ ಪಾಡಿಗೆ ನಡೀತಿತ್ತು. 8ಕ್ಕೆ 6.2, 8.1ಕ್ಕೆ 6.3. ವಿಂಡೋಸ್ 10ರ ಮೊದಲ ಪೂರ್ವಾವೃತ್ತಿಗೆ 6.4. ಆಮೇಲೆ ಒಂದು ದಿನ ಒಳಗೂ ನೇರ 10.0 ಅಂತ ಮಾಡಿದರು. ಹಳೇ ಪ್ರೋಗ್ರಾಮುಗಳು ಗಾಬರಿಯಾಗದಿರಲಿ ಅಂತ 8.1ರಿಂದಲೇ ಒಂದು ಏರ್ಪಾಡು ಇತ್ತು. ತಾನು ಹೊಸ ವಿಂಡೋಸಿಗೆ ಸಿದ್ಧ ಅಂತ ಘೋಷಿಸಿಕೊಳ್ಳದ ಪ್ರೋಗ್ರಾಮ್ ಆವೃತ್ತಿ ಕೇಳಿದರೆ ವಿಂಡೋಸ್ 6.2 ಅಂತ ಸುಳ್ಳು ಹೇಳುತ್ತೆ.

ಅಂತೂ ಹೊರಗಿನ ಹೆಸರು, ಒಳಗಿನ ಸಂಖ್ಯೆ ಎರಡೂ ಒಂದಾದವು. ಏಳು ವರ್ಷ ಒಂದಾಗೇ ಇದ್ದವು. 2021ರಲ್ಲಿ ವಿಂಡೋಸ್ 11 ಬಂತು. ನಿಮ್ಮ ಲ್ಯಾಪ್‌ಟಾಪಿನಲ್ಲಿ ಅದಿದ್ದರೆ ಕಮಾಂಡ್ ಪ್ರಾಂಪ್ಟ್ ತೆರೆದು 'ವರ್' ಅಂತ ಮೂರಕ್ಷರದ ಇಂಗ್ಲಿಷ್ ಆಜ್ಞೆ ಕೊಟ್ಟು ಎಂಟರ್ ಒತ್ತಿ ನೋಡಿ. 10.0 ಅಂತಲೇ ಬರುತ್ತೆ.