ದೂರದಿಂದ ಕಂಪ್ಯೂಟರ್ ನಿಯಂತ್ರಣ

ಮನೆಯ ಅಥವಾ ಕಚೇರಿಯ ಕಂಪ್ಯೂಟರನ್ನು ಬೇರೊಂದು ಸ್ಥಳದಿಂದ ಅಂತರಜಾಲದ ಮೂಲಕ ನೋಡಿ ನಡೆಸುವ ವಿಧಾನ. ರಿಮೋಟ್ ಆಕ್ಸೆಸ್ ಎಂದು ರೂಢಿ. ದೂರದ ಯಂತ್ರದ ಪರದೆಯ ಚಿತ್ರ ಬಳಕೆದಾರನತ್ತ ಬರುತ್ತದೆ, ಅವನ ಕೀಲಿಮಣೆ ಮತ್ತು ಮೌಸ್‌ನ ಸಂಕೇತ ಅತ್ತ ಹೋಗುತ್ತದೆ. ಕಡತಗಳು ಇದ್ದಲ್ಲೇ ಉಳಿಯುತ್ತವೆ. 1969ರ ಟೆಲ್ನೆಟ್ ಎಂಬ ಸಂಪರ್ಕ ವಿಧಾನ ಅಕ್ಷರಗಳನ್ನಷ್ಟೇ ಸಾಗಿಸುತ್ತಿತ್ತು, ಅದೂ ಗೂಢಲಿಪಿಯ ರಕ್ಷಣೆಯಿಲ್ಲದೆ. ಆ ಕೊರತೆಯನ್ನು 1995ರಲ್ಲಿ ಗೂಢಲಿಪಿ ಬಳಸುವ ಎಸ್‌ಎಸ್‌ಎಚ್ ತುಂಬಿತು. ಮೈಕ್ರೋಸಾಫ್ಟ್ 1998ರಲ್ಲಿ ವಿಂಡೋಸ್ ಎನ್‌ಟಿ ಟರ್ಮಿನಲ್ ಸರ್ವರ್ ಮೂಲಕ ಪೂರ್ಣ ಪರದೆಯನ್ನೇ ದೂರಕ್ಕೆ ಒಯ್ದಿತು.

ಈ ವಿಧಾನದ ನಿಜವಾದ ಮಹತ್ವ ರಾಜಧಾನಿಯಿಂದ ದೂರದ ಊರುಗಳಿಗೆ ಸಂಬಂಧಿಸಿದ್ದು. ಬೆಂಗಳೂರಿನಿಂದ ಸುಮಾರು 600 ಕಿ.ಮೀ. ದೂರದ ಕಲಬುರಗಿಯಲ್ಲಿ, ಮೋಮಿನಪುರದ ಮನೆಯಲ್ಲಿ ಕುಳಿತವರೂ ಬೆಂಗಳೂರಿನ ಕಚೇರಿಯ ಯಂತ್ರವನ್ನು ನಡೆಸಬಲ್ಲರು. 2020ರ ಲಾಕ್‌ಡೌನ್‌ನಲ್ಲಿ ಐಟಿ ಕೆಲಸ ನಿಲ್ಲದಿರಲು ಇದೂ ಒಂದು ಮುಖ್ಯ ಆಧಾರವಾಗಿತ್ತು. ಇದರಿಂದ ವಂಚನೆಗೆ ಬಾಗಿಲು ತೆರೆಯುತ್ತದೆಂಬ ಆಕ್ಷೇಪ ಹುರುಳಿಲ್ಲದ್ದಲ್ಲ: ಎನಿಡೆಸ್ಕ್ ಎಂಬ ರಿಮೋಟ್ ಆಕ್ಸೆಸ್ ತಂತ್ರಾಂಶದ ಮೂಲಕ ಖಾತೆಯ ಹಣ ದೋಚುವ ಬಗೆಯ ಕುರಿತು ಭಾರತೀಯ ರಿಸರ್ವ್ ಬ್ಯಾಂಕ್ 2019ರ ಫೆಬ್ರುವರಿಯಲ್ಲೇ ಎಚ್ಚರಿಸಿತ್ತು. ಆದರೆ ಅಂಥ ವಂಚನೆಯಲ್ಲಿ ಬೀಗ ಮುರಿಯುವುದಿಲ್ಲ. ಬ್ಯಾಂಕಿನವರೆಂದು ನಂಬಿಸಿ, ಪರದೆಯ ಮೇಲಿನ ಸಂಕೇತಸಂಖ್ಯೆಯನ್ನು ಮಾಲೀಕನ ಬಾಯಿಂದಲೇ ಪಡೆಯಲಾಗುತ್ತದೆ. ಆದ್ದರಿಂದ ತಂತ್ರಾಂಶದ ನಿಷೇಧಕ್ಕಿಂತ ಅನುಮತಿಯ ಮೇಲಿನ ಹಿಡಿತವೇ ಸರಿಯಾದ ಪರಿಹಾರ: ಎರಡು ಹಂತದ ದೃಢೀಕರಣ, ವಿಪಿಎನ್ ಎಂಬ ಸುರಕ್ಷಿತ ಖಾಸಗಿ ಸಂಪರ್ಕ, ಕೆಲಸ ಮುಗಿದೊಡನೆ ಸಂಪರ್ಕ ಕಡಿತ. ಹಣ ಕಳೆದುಕೊಂಡವರು ತಕ್ಷಣ 1930 ಸಹಾಯವಾಣಿಗೆ ದೂರು ನೀಡಬಹುದು.