ಹೊರನಾಡ ದುಡಿಮೆ, ತಾಯ್ನಾಡ ತೆರಿಗೆ: ಅನಿವಾಸಿಯ ಲೆಕ್ಕಾಚಾರ ಹೇಗೆ?

ದುಬೈ, ದೋಹಾ, ಕುವೈತ್‌ಗಳಲ್ಲಿ ದುಡಿಯುವ ಕರಾವಳಿಯವರಿಂದ ಹಿಡಿದು ಅಮೆರಿಕದಲ್ಲಿರುವ ಬೆಂಗಳೂರಿನ ತಂತ್ರಜ್ಞರವರೆಗೆ ಹಲವರಲ್ಲಿ ಒಂದು ನಂಬಿಕೆ ಬೇರೂರಿದೆ. ಪಾಸ್‌ಪೋರ್ಟಿನಲ್ಲಿ ವಿದೇಶಿ ವೀಸಾ ಬಿದ್ದೊಡನೆ ಭಾರತದ ಆದಾಯ ತೆರಿಗೆಯ ಗೊಡವೆ ತಪ್ಪಿತು ಎಂಬುದೇ ಆ ನಂಬಿಕೆ. ಆದರೆ ಕಾನೂನು ನೋಡುವುದು ವೀಸಾವನ್ನಲ್ಲ. ಒಂದು ಹಣಕಾಸು ವರ್ಷದಲ್ಲಿ ವ್ಯಕ್ತಿ ಭಾರತದ ನೆಲದಲ್ಲಿ ಕಳೆದ ದಿನಗಳನ್ನು. ಈ ಎಣಿಕೆ ತಪ್ಪಿದರೆ ವಿದೇಶದಲ್ಲಿ ಗಳಿಸಿದ ಸಂಬಳಕ್ಕೂ ಇಲ್ಲಿ ತೆರಿಗೆ ಕಟ್ಟಬೇಕಾದೀತು.

2025ರ ಹೊಸ ಆದಾಯ ತೆರಿಗೆ ಕಾಯ್ದೆಯು 2026ರ ಏಪ್ರಿಲ್ 1ರಿಂದ ಅನ್ವಯವಾಗುತ್ತದೆ. 1961ರ ಕಾಯ್ದೆಯ ‘ಹಿಂದಿನ ವರ್ಷ’, ‘ನಿರ್ಧರಣಾ ವರ್ಷ’ ಎಂಬ ಜೋಡಿ ಪದಗಳ ಸ್ಥಾನದಲ್ಲಿ ಅದು ‘ತೆರಿಗೆ ವರ್ಷ’ ಎಂಬ ಒಂದೇ ಪದವನ್ನು ತಂದಿದೆ. ಆದರೆ ನಿವಾಸಿ ಯಾರು, ಅನಿವಾಸಿ ಯಾರು ಎಂಬುದನ್ನು ಹೇಳುವ 6ನೇ ಕಲಮಿನ ತಿರುಳು ಬದಲಾಗಿಲ್ಲ. 2025-26ರ ಹಣಕಾಸು ವರ್ಷದ ಆದಾಯಕ್ಕೆ ಹಳೆಯ ಕಾಯ್ದೆಯೇ ಅನ್ವಯ.

ದಿನಗಳ ಎಣಿಕೆ

ಮೂಲ ನಿಯಮ ಎರಡು ಭಾಗಗಳಲ್ಲಿದೆ. ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ವರ್ಷದಲ್ಲಿ 182 ಅಥವಾ ಅದಕ್ಕಿಂತ ಹೆಚ್ಚು ದಿನ ಭಾರತದಲ್ಲಿದ್ದವರು ನಿವಾಸಿಗಳು. ಆ ವರ್ಷ 60 ದಿನ ಹಾಗೂ ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿದ್ದವರೂ ನಿವಾಸಿಗಳೇ.

ಎರಡನೆಯ ಭಾಗ ಉದ್ಯೋಗಿಗಳಿಗೆ ತೊಡಕಾಗದಂತೆ ಕಾನೂನು ವಿನಾಯಿತಿ ನೀಡಿದೆ. ಉದ್ಯೋಗಕ್ಕಾಗಿ ದೇಶ ಬಿಡುವ ಭಾರತೀಯ ಪ್ರಜೆಗೆ, ಆತ ಹೊರಟ ವರ್ಷದಲ್ಲಿ, 60ರ ಬದಲು 182 ದಿನಗಳ ಮಿತಿಯೇ ಅನ್ವಯಿಸುತ್ತದೆ. ಆದ್ದರಿಂದ ಹೊರಡುವ ದಿನಾಂಕಕ್ಕೆ ಮಹತ್ವವುಂಟು. ಏಪ್ರಿಲ್‌ನಿಂದ ಸೆಪ್ಟೆಂಬರ್ ಅಂತ್ಯದವರೆಗೆ 183 ದಿನಗಳಾಗುತ್ತವೆ. ಸೆಪ್ಟೆಂಬರ್ 20ರಂದು ದುಬೈಗೆ ಹೊರಟವರು ಇಲ್ಲಿ 173 ದಿನ ಕಳೆದಿರುತ್ತಾರೆ. ಅವರು ಆ ವರ್ಷ ಅನಿವಾಸಿ. ಅಕ್ಟೋಬರ್ 10ರಂದು ಹೊರಟವರು 193 ದಿನ ಇದ್ದುದರಿಂದ ಇಡೀ ವರ್ಷಕ್ಕೆ ನಿವಾಸಿ. ದುಬೈಯಲ್ಲಿ ಸಂಬಳದ ಮೇಲೆ ತೆರಿಗೆಯಿಲ್ಲ. ಆದರೂ ಮೊದಲ ಆರು ತಿಂಗಳ ಆ ಸಂಬಳ ಭಾರತದ ತೆರಿಗೆಗೆ ಒಳಪಡುತ್ತದೆ. ಇಪ್ಪತ್ತು ದಿನಗಳ ಅಂತರ ಇಷ್ಟು ದುಬಾರಿ.

ಬಂದ ದಿನ, ಹೋದ ದಿನ ಎರಡನ್ನೂ ಸೇರಿಸಿ ಎಣಿಸುವುದು ಸುರಕ್ಷಿತ. ಹೊರಟ ಮೇಲೆ ಅದೇ ವರ್ಷ ಮದುವೆ, ಹಬ್ಬಗಳಿಗೆ ಊರಿಗೆ ಬಂದ ದಿನಗಳೂ ಲೆಕ್ಕಕ್ಕೆ ಸೇರುತ್ತವೆ.

15 ಲಕ್ಷದ ಗೆರೆ

ವಿದೇಶದಲ್ಲಿ ನೆಲೆಸಿ ರಜೆಗೆ ಬರುವ ಭಾರತೀಯ ಪ್ರಜೆಗಳಿಗೂ ಭಾರತ ಮೂಲದವರಿಗೂ ಸಾಮಾನ್ಯವಾಗಿ 182 ದಿನಗಳ ಮಿತಿಯಿದೆ. ಆದರೆ 2020ರ ಹಣಕಾಸು ಕಾಯ್ದೆ ಇದಕ್ಕೆ ಕಡಿವಾಣ ಹಾಕಿತು. ವಿದೇಶಿ ಮೂಲದ್ದನ್ನು ಬಿಟ್ಟು ಉಳಿದ ಆದಾಯ 15 ಲಕ್ಷ ರೂ. ಮೀರಿದವರು 120 ದಿನ ಇಲ್ಲಿದ್ದು, ಹಿಂದಿನ ನಾಲ್ಕು ವರ್ಷಗಳಲ್ಲಿ 365 ದಿನ ಪೂರೈಸಿದ್ದರೆ ನಿವಾಸಿಗಳಾಗುತ್ತಾರೆ.

ಅದೇ ಕಾಯ್ದೆ ‘ಭಾವಿತ ನಿವಾಸಿ’ ಎಂಬ ವರ್ಗವನ್ನೂ ಸೃಷ್ಟಿಸಿತು. ಇಂತಹ ಆದಾಯ 15 ಲಕ್ಷ ರೂ. ಮೀರಿದ್ದು, ನಿವಾಸದ ಆಧಾರದ ಮೇಲೆ ಬೇರಾವ ದೇಶದಲ್ಲೂ ತೆರಿಗೆಗೆ ಒಳಪಡದ ಭಾರತೀಯ ಪ್ರಜೆ, ಇಲ್ಲಿ ಒಂದು ದಿನವೂ ಇರದಿದ್ದರೂ ನಿವಾಸಿಯೆನಿಸುತ್ತಾನೆ. ಈ ಪ್ರಸ್ತಾವ ಹೊರಬಿದ್ದಾಗ ಕೊಲ್ಲಿ ರಾಷ್ಟ್ರಗಳಲ್ಲಿ ಆತಂಕ ಮೂಡಿತ್ತು. ಅಲ್ಲಿನ ದುಡಿಮೆಗೆ ತೆರಿಗೆ ಹಾಕುವ ಉದ್ದೇಶವಿಲ್ಲ ಎಂದು ಸರಕಾರ 2020ರ ಫೆಬ್ರವರಿಯಲ್ಲೇ ಸ್ಪಷ್ಟಪಡಿಸಿತು.

ಕಾನೂನಿನಲ್ಲೂ ಇದಕ್ಕೆ ರಕ್ಷಣೆಯಿದೆ. 120 ದಿನಗಳ ನಿಯಮದಿಂದ ನಿವಾಸಿಯಾದವರೂ ಭಾವಿತ ನಿವಾಸಿಗಳೂ ‘ಸಾಮಾನ್ಯ ನಿವಾಸಿಯಲ್ಲದ ನಿವಾಸಿ’ ಎಂಬ ನಡುವಣ ವರ್ಗಕ್ಕೆ ಸೇರುತ್ತಾರೆ. ಇವರ ವಿದೇಶಿ ಆದಾಯಕ್ಕೆ ಇಲ್ಲಿ ತೆರಿಗೆಯಿಲ್ಲ. ಭಾರತದಿಂದ ನಿಯಂತ್ರಿತವಾದ ವ್ಯವಹಾರ ಅಥವಾ ಇಲ್ಲಿ ಸ್ಥಾಪಿಸಿದ ವೃತ್ತಿಯ ಆದಾಯ ಮಾತ್ರ ಇದಕ್ಕೆ ಅಪವಾದ.

ಹಡಗಿನ ನೌಕರರು

ಹಡಗುಗಳಲ್ಲಿ ದುಡಿಯುವವರ ಪ್ರಶ್ನೆ ಬೇರೆ. ಅವರ ಸಂಬಳ ಭಾರತದ ಬ್ಯಾಂಕಿಗೇ ಜಮೆಯಾಗುವುದರಿಂದ ‘ಭಾರತದಲ್ಲಿ ಸ್ವೀಕರಿಸಿದ ಆದಾಯ’ ಎಂಬ ತಕರಾರು ಏಳುತ್ತಿತ್ತು. ವಿದೇಶ ಯಾನದ ಹಡಗಿನಲ್ಲಿ ದುಡಿಯುವ ಅನಿವಾಸಿ ನಾವಿಕನ ಸಂಬಳ ಎನ್‌ಆರ್‌ಇ ಖಾತೆಗೆ ಜಮೆಯಾಯಿತೆಂಬ ಒಂದೇ ಕಾರಣಕ್ಕೆ ತೆರಿಗೆ ವಿಧಿಸಬಾರದೆಂದು ನೇರ ತೆರಿಗೆಗಳ ಕೇಂದ್ರೀಯ ಮಂಡಳಿ 2017ರ ಏಪ್ರಿಲ್‌ನಲ್ಲಿ ಸುತ್ತೋಲೆ ಹೊರಡಿಸಿತು.

ವಿವರಣೆ ಸಲ್ಲಿಕೆ ಯಾರಿಗೆ ಕಡ್ಡಾಯ?

ಅನಿವಾಸಿಗೆ ವಿದೇಶದ ಸಂಬಳದ ಮೇಲೆ ಇಲ್ಲಿ ತೆರಿಗೆಯಿಲ್ಲ. ಮನೆ ಬಾಡಿಗೆ, ಎನ್‌ಆರ್‌ಒ ಖಾತೆಯ ಬಡ್ಡಿ, ಷೇರು ಹಾಗೂ ನಿವೇಶನ ಮಾರಾಟದ ಲಾಭ ಮುಂತಾದ ಇಲ್ಲಿನ ಆದಾಯಕ್ಕೆ ಇದೆ. ಈ ಆದಾಯ ಮೂಲ ವಿನಾಯಿತಿ ಮಿತಿಯನ್ನು ಮೀರಿದರೆ ವಿವರಣೆ ಸಲ್ಲಿಸಲೇಬೇಕು. 2025-26ರಿಂದ ಹೊಸ ಪದ್ಧತಿಯಲ್ಲಿ ಈ ಮಿತಿ 4 ಲಕ್ಷ ರೂ., ಹಳೆಯ ಪದ್ಧತಿಯಲ್ಲಿ 2.5 ಲಕ್ಷ ರೂ.

‘12 ಲಕ್ಷದವರೆಗೆ ತೆರಿಗೆಯಿಲ್ಲ’ ಎಂಬ ಘೋಷಣೆ ಅನಿವಾಸಿಗೆ ಅನ್ವಯಿಸುವುದಿಲ್ಲ. ಅದು ರಿಯಾಯಿತಿಯ ಮೂಲಕ ದೊರೆಯುವ ಸೌಲಭ್ಯ. ಆ ರಿಯಾಯಿತಿ ನಿವಾಸಿಗಳಿಗೆ ಮಾತ್ರ. ಹಿರಿಯ ನಾಗರಿಕರಿಗಿರುವ ಹೆಚ್ಚಿನ ವಿನಾಯಿತಿ ಮಿತಿಯೂ ಅನಿವಾಸಿ ವೃದ್ಧರಿಗೆ ದೊರೆಯದು.

ಆದಾಯ ಮಿತಿಯೊಳಗಿದ್ದರೂ ಮೂಲದಲ್ಲೇ ಕಡಿತವಾದ ತೆರಿಗೆ 25 ಸಾವಿರ ರೂ. ಅಥವಾ ಹೆಚ್ಚಿದ್ದರೆ ವಿವರಣೆ ಕಡ್ಡಾಯ ಎಂಬ ನಿಯಮ 2022ರಲ್ಲಿ ಬಂತು. ಇದು ಹೊರೆಯಲ್ಲ, ಲಾಭವೇ. ಎನ್‌ಆರ್‌ಒ ಠೇವಣಿಯ ಬಡ್ಡಿಯಿಂದ ಬ್ಯಾಂಕುಗಳು ಸೆಸ್ ಸೇರಿ ಶೇ. 31.2ರಷ್ಟು ಕಡಿತ ಮಾಡುತ್ತವೆ. 2 ಲಕ್ಷ ರೂ. ಬಡ್ಡಿಯಲ್ಲಿ 62,400 ರೂ. ಹೀಗೆ ಹೋಗುತ್ತದೆ. ಬೇರೆ ಆದಾಯವಿಲ್ಲದವರಿಗೆ ಈ ಪೂರ್ತಿ ಹಣ ಮರಳಿ ಬರಬೇಕಾದದ್ದು. ಆದರೆ ವಿವರಣೆ ಸಲ್ಲಿಸಿದರೆ ಮಾತ್ರ.

ಅನಿವಾಸಿಗಳು ಸರಳವಾದ ಐಟಿಆರ್-1 ನಮೂನೆ ಬಳಸುವಂತಿಲ್ಲ. ವ್ಯವಹಾರದ ಆದಾಯವಿಲ್ಲದವರಿಗೆ ಐಟಿಆರ್-2. ಅದರ ಸಾಮಾನ್ಯ ಗಡುವು ಜುಲೈ 31. ತಡವಾದರೆ 5 ಸಾವಿರ ರೂ.ವರೆಗೆ ಶುಲ್ಕ ತೆರಬೇಕು.

ಮನೆ ಮಾರುವ ಮುನ್ನ

ನಿವಾಸಿಯಿಂದ 50 ಲಕ್ಷ ರೂ. ಅಥವಾ ಹೆಚ್ಚಿನ ಬೆಲೆಯ ಆಸ್ತಿ ಕೊಳ್ಳುವವರು ಶೇ. 1ರಷ್ಟು ತೆರಿಗೆ ಕಡಿತ ಮಾಡಿದರೆ ಸಾಕು. ಮಾರುವವರು ಅನಿವಾಸಿಯಾದರೆ ಆ ಮಿತಿಯಿಲ್ಲ. ದೀರ್ಘಾವಧಿ ಲಾಭಕ್ಕೆ ಅನ್ವಯವಾಗುವ ಶೇ. 12.5ರ ದರದ ಮೇಲೆ ಸರ್‌ಚಾರ್ಜ್, ಸೆಸ್ ಸೇರುತ್ತವೆ. ಲಾಭದ ಲೆಕ್ಕ ತಿಳಿಯದ ಕೊಳ್ಳುವವರು ಪೂರ್ಣ ಬೆಲೆಯ ಮೇಲೇ ಕಡಿತ ಮಾಡುವುದುಂಟು. ಮುಂಚಿತವಾಗಿ ಇಲಾಖೆಯಿಂದ ಕಡಿಮೆ ಕಡಿತದ ಪ್ರಮಾಣಪತ್ರ ಪಡೆಯುವುದೇ ಇದಕ್ಕೆ ಪರಿಹಾರ. 2024ರ ಜುಲೈ 23ಕ್ಕೆ ಮುನ್ನ ಕೊಂಡ ಆಸ್ತಿಗೆ ಹಣದುಬ್ಬರ ಹೊಂದಾಣಿಕೆಯೊಂದಿಗೆ ಶೇ. 20ರ ಲೆಕ್ಕ ಆರಿಸಿಕೊಳ್ಳುವ ಅವಕಾಶವೂ ಅನಿವಾಸಿಗಳಿಗಿಲ್ಲ.

ಮರಳಿ ಬಂದಾಗ

ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದವರು, ಅಥವಾ ಹಿಂದಿನ 7 ವರ್ಷಗಳಲ್ಲಿ 729 ದಿನ ಮೀರದಷ್ಟು ಮಾತ್ರ ಇಲ್ಲಿದ್ದವರು, ಮರಳಿದ ಮೇಲೆ ಕೆಲಕಾಲ ‘ಸಾಮಾನ್ಯ ನಿವಾಸಿಯಲ್ಲದ’ ವರ್ಗದಲ್ಲಿ ಉಳಿಯುತ್ತಾರೆ. ವಿದೇಶದ ಖಾತೆ, ಹೂಡಿಕೆಗಳನ್ನು ಸರಿಪಡಿಸಿಕೊಳ್ಳಲು ಸಿಗುವ ಬಿಡುವು ಇದು.

ಆ ಅವಧಿ ಮುಗಿದು ಸಾಮಾನ್ಯ ನಿವಾಸಿಯಾದೊಡನೆ ಜಗತ್ತಿನ ಎಲ್ಲ ಆದಾಯವೂ ತೆರಿಗೆಗೆ ಒಳಪಡುತ್ತದೆ. ವಿದೇಶದ ಬ್ಯಾಂಕ್ ಖಾತೆ, ಷೇರು, ಮನೆ ಎಲ್ಲವನ್ನೂ ವಿವರಣೆಯಲ್ಲಿ ಘೋಷಿಸಬೇಕು. ಮರೆಮಾಚಿದರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂ. ದಂಡವಿದೆ. ಸ್ಥಿರಾಸ್ತಿ ಹೊರತಾದ ವಿದೇಶಿ ಆಸ್ತಿಗಳ ಒಟ್ಟು ಮೌಲ್ಯ 20 ಲಕ್ಷ ರೂ. ಮೀರದಿದ್ದರೆ 2024ರ ಅಕ್ಟೋಬರ್ 1ರಿಂದ ಈ ದಂಡವಿಲ್ಲ. ದೇಶಗಳ ನಡುವೆ ಬ್ಯಾಂಕ್ ಮಾಹಿತಿ ವಿನಿಮಯ ಈಗ ತಾನೇ ತಾನಾಗಿ ನಡೆಯುವುದರಿಂದ ‘ಯಾರಿಗೂ ತಿಳಿಯದು’ ಎಂಬ ಭರವಸೆ ಹುಸಿ.

ಎನ್‌ಆರ್‌ಇ ಖಾತೆಯ ಬಡ್ಡಿಗೆ ಇರುವ ವಿನಾಯಿತಿ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ ನಿವಾಸ ಸ್ಥಿತಿಯನ್ನು ಅವಲಂಬಿಸಿದೆ. ಆ ಕಾಯ್ದೆ ದಿನಗಳ ಜತೆಗೆ ಉದ್ದೇಶವನ್ನೂ ನೋಡುತ್ತದೆ. ಶಾಶ್ವತವಾಗಿ ಮರಳಿದವರು ಬ್ಯಾಂಕಿಗೆ ತಿಳಿಸಿ ಖಾತೆಯನ್ನು ಬದಲಿಸಿಕೊಳ್ಳಬೇಕು. ಅಮೆರಿಕದ ಪೌರರು ಹಾಗೂ ಗ್ರೀನ್ ಕಾರ್ಡ್ ಹೊಂದಿದವರಿಗೆ ಇಲ್ಲಿ ವಿನಾಯಿತಿಯಿರುವ ಈ ಬಡ್ಡಿಗೂ ಅಲ್ಲಿ ತೆರಿಗೆಯುಂಟು.

ಒಂದೇ ಆದಾಯಕ್ಕೆ ಎರಡೂ ದೇಶಗಳು ತೆರಿಗೆ ಕೇಳಿದಾಗ ದ್ವಿತೆರಿಗೆ ತಪ್ಪಿಸುವ ಒಪ್ಪಂದಗಳು ನೆರವಿಗೆ ಬರುತ್ತವೆ. ಅದಕ್ಕೆ ಆ ದೇಶದ ತೆರಿಗೆ ನಿವಾಸ ಪ್ರಮಾಣಪತ್ರ ಬೇಕು. ಪಾಸ್‌ಪೋರ್ಟಿನ ಮುದ್ರೆಗಳ ಪ್ರತಿ, ವಿಮಾನದ ಟಿಕೆಟ್, ಉದ್ಯೋಗ ಒಪ್ಪಂದ, ಸಂಬಳದ ಚೀಟಿಗಳನ್ನು ವರ್ಷವಾರು ಜೋಡಿಸಿಟ್ಟುಕೊಂಡವರಿಗೆ ಇಲಾಖೆಯ ನೋಟಿಸು ಬಂದಾಗ ಉತ್ತರಿಸುವುದು ಕಷ್ಟವಾಗದು. ಮಾರ್ಚ್ 31ಕ್ಕೆ ಮುನ್ನ ಒಮ್ಮೆ ದಿನಗಳನ್ನು ಎಣಿಸಿ ನೋಡುವುದು ಪ್ರತಿಯೊಬ್ಬ ಹೊರನಾಡಿಗನಿಗೂ ಒಳಿತು.